ಸ್ಮಾರ್ಟ್ ಸ್ವಿಚ್ ಹಾಕಿಸಿದೆ, ನಮ್ಮ ಮನೆಗೆ ಓನರ್ ನಾನಲ್ಲವಂತೆ!

ಮೈಸೂರಿನ ದಟ್ಟಗಳ್ಳಿ, ಬೋಗಾದಿ, ರಾಮಕೃಷ್ಣನಗರ ಕಡೆ ಯಾರಾದರೂ ಮನೆಗೆ ಫೋನಿನ ಆ್ಯಪ್‌ನಿಂದಲೇ ಹಚ್ಚಿ ಆರಿಸುವ ಸ್ಮಾರ್ಟ್ ಲೈಟು, ಸ್ಮಾರ್ಟ್ ಸ್ವಿಚ್ ಹಾಕಿಸುವವರಿದ್ದರೆ ಇದನ್ನು ಓದಿ ಆಮೇಲೆ ಅಡ್ವಾನ್ಸ್ ಕೊಡಿ. ನಮ್ಮ ಮನೆಗೆ ಹಾಕಿಕೊಟ್ಟ ಮನುಷ್ಯನ ಹೆಸರು ಬರೆಯುವುದಿಲ್ಲ. ಬರೆಯೋಕೂ ನಾಚಿಕೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳ್ಳುವವನು ನಾನು!

ಮನೆ ಅಪ್ಪ ಕಟ್ಟಿಸಿದ್ದು, ಹಳೇ ವೈರಿಂಗ್. ಒಟ್ಟು 11 ಸ್ವಿಚ್‌ಬೋರ್ಡ್. ಪರಿಚಯದವರು ಹೇಳಿದರು ಅಂತ ಕರೆಸಿದೆ. ಬಂದವನು ಒಂದು ಬೋರ್ಡನ್ನೂ ಬಿಚ್ಚಿ ನೋಡಲಿಲ್ಲ. ನಿಂತಲ್ಲೇ 52,000 ಅಂದ. 30,000 ಅಲ್ಲೇ ಫೋನಿನಲ್ಲಿ ಹಾಕಿದೆ. ನನ್ನ ಹೆಂಡತಿ "ರೀ, ಬಿಲ್ ಕೇಳಿ" ಅಂದಳು. "ಬಿಲ್ ಅಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಮೇಲೆ ಬೀಳುತ್ತೆ ಮೇಡಂ, ಸುಮ್ನೆ ಯಾಕೆ?" ಅಂದ. ಹೌದಲ್ವಾ ಅನ್ನಿಸಿತು ನನಗೆ. ಅನ್ನಿಸಿತು!

ಬೋರ್ಡ್ ಬಿಚ್ಚಿದ ಮೇಲೆ ರಾಗ ಶುರು. ಹಳೇ ಮನೆಗಳಲ್ಲಿ ಬರೀ ಲೈಟಿನ ಬೋರ್ಡಿಗೆ ಫೇಸ್ (ಕರೆಂಟ್ ತರುವ ವೈರ್) ಮಾತ್ರ ಬಂದಿರುತ್ತದೆ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ನೇರ ಲೈಟಿಗೆ ಹೋಗಿರುತ್ತದೆ. ಮಾಮೂಲಿ ವೈಫೈ ಮಾಡ್ಯೂಲ್, ಅಂದರೆ ಬೋರ್ಡಿನೊಳಗೆ ಕೂತು ಫೋನಿನ ಮಾತು ಕೇಳುವ ಪುಟ್ಟ ಡಬ್ಬಿ, ನಡೆಯಲು ನ್ಯೂಟ್ರಲ್ ಬೇಕು. ಇದು ಅವನಿಗೆ ಗೊತ್ತಿರಬೇಕಿತ್ತು, ನನಗಲ್ಲ. ನ್ಯೂಟ್ರಲ್ ಬೇಡದ ಮಾಡ್ಯೂಲ್ ಹಾಕಿ ಹೋದ. ಅದು ಲೈಟಿನ ಮೂಲಕವೇ ಚೂರು ಕರೆಂಟ್ ಎಳೆಯುತ್ತದೆ. ಹಾಗಾಗಿ ಆರಿಸಿದ ಎಲ್‌ಇಡಿ ಬಲ್ಬು ರಾತ್ರಿಯೆಲ್ಲ ಮಿಣಮಿಣ. ಫೋನ್ ಮಾಡಿದರೆ, "ನಿಮ್ಮ ಮನೆ ವೈರಿಂಗೇ ಸರಿ ಇಲ್ಲ ಸಾರ್. ಮಿಣಮಿಣ ನಿಲ್ಲಿಸೋಕೆ ಕೆಪಾಸಿಟರ್ ಹಾಕ್ಬೇಕು, ಒಂದಕ್ಕೆ 250." ಕೊಟ್ಟೆ. ಅದನ್ನೂ ಕೊಟ್ಟೆ.

ಒಂದು ರಾತ್ರಿ ಮಳೆಗೆ ಕರೆಂಟ್ ಹೋಗಿ ಎರಡು ಗಂಟೆಗೆ ಬಂತು. ಮನೆಯ ಅಷ್ಟೂ ಲೈಟು ಒಟ್ಟಿಗೆ ಹತ್ತಿದವು. ಭಾನುವಾರ ಸಂಜೆ ಅರಮನೆಗೆ ಲೈಟ್ ಹಾಕುತ್ತಾರಲ್ಲ, ಹಾಗೆ. ಅಮ್ಮ ಗಾಬರಿಯಾಗಿ ಎದ್ದು ಕೂತರು. ಕರೆಂಟ್ ವಾಪಸ್ ಬಂದಾಗ ಲೈಟ್ ಆರಿಯೇ ಇರಲಿ ಅಂತ ಆ್ಯಪ್‌ನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ. ಹುಡುಕಿದೆ. ನನ್ನ ಫೋನಿನಲ್ಲಿ ಅದು ತೆರೆಯಲೇ ಇಲ್ಲ.

ಯಾಕೆ ಅಂತ ಆಮೇಲೆ ಗೊತ್ತಾಯಿತು. ಮನೆಯ ಸದಸ್ಯರ ಪಟ್ಟಿ ತೆಗೆದು ನೋಡಿದೆ. ಮೇಲೆ ಅವನ ನಂಬರ್, ಪಕ್ಕದಲ್ಲಿ 'ಓನರ್'. ಕೆಳಗೆ ನಾನು, 'ಸದಸ್ಯ'. ನಮ್ಮ ಮನೆಗೆ! ಎಲ್ಲ ಸ್ವಿಚ್ಚನ್ನೂ ಅವನ ಖಾತೆಯಲ್ಲಿ ಸೇರಿಸಿ ನನಗೆ ಬರೀ ಹಂಚಿದ್ದಾನೆ. ಆ್ಯಪ್‌ನಲ್ಲಿ ಯಾವ ಲೈಟು ಎಷ್ಟು ಹೊತ್ತಿಗೆ ಹತ್ತಿತು, ಎಷ್ಟು ಹೊತ್ತಿಗೆ ಆರಿತು ಅಂತ ಎಲ್ಲ ದಾಖಲಾಗುತ್ತದೆ. ಹೆಂಡತಿ ಮೆಲ್ಲಗೆ ಕೇಳಿದಳು, "ರೀ, ನಾವು ಎಷ್ಟೊತ್ತಿಗೆ ಲೈಟ್ ಆರಿಸಿ ಮಲಗ್ತೀವಿ ಅಂತ ಇಷ್ಟು ದಿನ ಅವನಿಗೆ ಕಾಣ್ತಿತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ತಿಂಗಳು. ಮೂರು ತಿಂಗಳು ಅದು ಅವನ ಜೇಬಿನಲ್ಲಿತ್ತು.

ಕೇಳಿದೆ. "ಸರ್ವೀಸ್‌ಗೆ ಅನುಕೂಲ ಅಂತ ಸಾರ್. ಎಲ್ಲ ಕಸ್ಟಮರ್‌ಗೂ ಹಂಗೇ ಮಾಡೋದು." ನನ್ನ ಹೆಸರಿಗೆ ಬದಲಾಯಿಸಪ್ಪ ಅಂದೆ. "ಮಾಡೋಣ ಸಾರ್, ವರ್ಷದ ಮೇಂಟೆನೆನ್ಸ್ 6,000 ಕಟ್ಟಿಬಿಡಿ." ಕಟ್ಟಲ್ಲ ಅಂದೆ. ಮಾರನೇ ದಿನ ಸಂಜೆ ಆ್ಯಪ್ ತೆಗೆದರೆ ಖಾಲಿ. ನನ್ನನ್ನೇ ಮನೆಯಿಂದ ತೆಗೆದುಹಾಕಿದ್ದ. ಮೆಸೇಜ್ ಮಾಡಿದರೆ ಎರಡು ನೀಲಿ ಟಿಕ್, ಅಷ್ಟೇ. ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ ಅಂದ ಮೇಲೆ ಒಂದೇ ಸಾಲು ಬಂತು: "ಕೊಡಿ ಸಾರ್, ಬಿಲ್ ಎಲ್ಲಿದೆ?"

ಗೀಸರ್ ಕಥೆ ಬೇರೆ. 3,000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 230 ವೋಲ್ಟಿಗೆ 13 ಆಂಪಿಯರ್ ಎಳೆಯುತ್ತದೆ. ಇವನು ಹಾಕಿದ್ದು 10 ಆಂಪಿಯರ್ ಮಾಡ್ಯೂಲ್. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ನೋಡಿದರೆ ಬೋರ್ಡ್ ಕಪ್ಪಾಗಿದೆ. ಪುಣ್ಯಕ್ಕೆ ಹಗಲು.

ಆವತ್ತೇ ವೈಫೈ ಪಾಸ್‌ವರ್ಡ್ ಬದಲಾಯಿಸಿದೆ. ಈಗ ಅವನಿಗೂ ಸಿಗುವುದಿಲ್ಲ, ನನಗೂ ಸಿಗುವುದಿಲ್ಲ. ಗೋಡೆಯ ಸ್ವಿಚ್ ಕೈಯಲ್ಲಿ ಒತ್ತಿದರೆ ಲೈಟು ಹತ್ತುತ್ತದೆ. ಮೊದಲೂ ಹಾಗೇ ಹತ್ತುತ್ತಿತ್ತು, 52,000 ಕೊಡದೆ.

ಹಾಕಿಸುವುದೇ ಆದರೆ ಖಾತೆ ನಿಮ್ಮ ನಂಬರಿನಲ್ಲಿ, ನಿಮ್ಮ ಫೋನಿನಲ್ಲಿ, ನಿಮ್ಮ ಎದುರಿಗೇ ತೆರೆಸಿ. ಬೋರ್ಡ್ ಬಿಚ್ಚಿ ನ್ಯೂಟ್ರಲ್ ನೋಡದೆ ರೇಟ್ ಹೇಳುವವನಿಗೆ ಕಾಫಿ ಕೊಟ್ಟು ಕಳಿಸಿ. ಗೀಸರ್ ಕಡೆಗಂತೂ ಬಿಡಲೇಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಹಣ ಹಾಕಿದ ದಾಖಲೆ, ವಾಟ್ಸ್ಆ್ಯಪ್ ಮಾತುಕತೆ ಎಲ್ಲ ಇಟ್ಟುಕೊಂಡಿದ್ದೇನೆ. ಮಾಡ್ಯೂಲ್‌ಗಳನ್ನು ರೀಸೆಟ್ ಮಾಡಿ ನನ್ನ ಖಾತೆಗೆ ಸೇರಿಸಿಕೊಡುವ ವೈರ್‌ಮನ್ ಈ ಕಡೆ ಯಾರಾದರೂ ಗೊತ್ತಿದ್ದರೆ ತಿಳಿಸಿ. ಬಿಲ್ ಕೊಡುವವರಾದರೆ ಮಾತ್ರ.