ಫ್ಲ್ಯಾಶ್ ಗಾರ್ಡನ್ನೋ, ಫ್ಲೆಶ್ ಗಾರ್ಡನ್ನೋ?

ಹೆಸರಲ್ಲಿ ಒಂದಕ್ಷರ ಆಚೀಚೆ ಅಷ್ಟೇ, ಆದರೆ ಮನೆಯವರ ಜೊತೆ ಕೂತು ನೋಡೋದಾದರೆ ಈ ವ್ಯತ್ಯಾಸ ಗೊತ್ತಿರಲೇಬೇಕು!

1936ರ 'ಫ್ಲ್ಯಾಶ್ ಗಾರ್ಡನ್' ಯೂನಿವರ್ಸಲ್ ಕಂಪನಿ ಥಿಯೇಟರಿಗಾಗಿ ಮಾಡಿದ, ಬಾಹ್ಯಾಕಾಶ ಸಾಹಸದ 13 ಕಂತುಗಳ ಸೀರಿಯಲ್. ನಾಯಕ ಬಸ್ಟರ್ ಕ್ರ್ಯಾಬ್. ಪ್ರತಿ ಕಂತಿನ ಕೊನೆಗೆ ಅವನು ಸತ್ತೇಹೋದ ಅನ್ನಿಸಬೇಕು, ಮುಂದಿನ ವಾರ ಜನ ಮತ್ತೆ ಥಿಯೇಟರಿಗೆ ಬರಬೇಕು. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ನೋಡಿದರೆ ಬೇಗ ಬೇಜಾರಾಗುತ್ತದೆ. ದಿನಕ್ಕೊಂದು ಕಂತು ಸಾಕು.

1974ರ 'ಫ್ಲೆಶ್ ಗಾರ್ಡನ್' ಇದನ್ನೇ ಗೇಲಿ ಮಾಡುವ, ದೊಡ್ಡವರಿಗೆ ಮಾತ್ರದ ಸಿನಿಮಾ. ಭೂಮಿಯ ಜನರಿಗೆ ಕಾಮದ ಹುಚ್ಚು ಹಿಡಿಸುವ ಕಿರಣ, ಅದನ್ನು ಬಿಡುವ ದುಷ್ಟ ರಾಜ ವ್ಯಾಂಗ್. ನಟನೆ ಸಾಧಾರಣ. ಜೋಕುಗಳಲ್ಲಿ ಅರ್ಧಕ್ಕರ್ಧ ಹಳಸಿವೆ, ಕೆಲವು ಈಗ ನೋಡಿದರೆ ಮುಜುಗರ.

ಆದರೂ ನಾನು ಇದನ್ನು ಪೂರ್ತಿ ತಳ್ಳಿಹಾಕಲ್ಲ. ಕಾರಣ ಅದರ ರಾಕ್ಷಸರು. ಬೊಂಬೆಯನ್ನು ಚೂರುಚೂರೇ ಅಲುಗಾಡಿಸಿ, ಒಂದೊಂದೇ ಫ್ರೇಮ್ ತೆಗೆಯುವ ಸ್ಟಾಪ್ ಮೋಷನ್ ಕೆಲಸ ಬಜೆಟ್ಟಿಗೆ ಮೀರಿ ಚೆನ್ನಾಗಿದೆ. ಅಲ್ಲಿ ದುಡಿದ ಡೆನ್ನಿಸ್ ಮ್ಯೂರೆನ್ ಮುಂದೆ 'ಸ್ಟಾರ್ ವಾರ್ಸ್' ತಂಡ ಸೇರಿದರು, ಆಸ್ಕರ್‌ಗಳನ್ನೂ ಗೆದ್ದರು. ಅಲ್ಲೇ ಎಫೆಕ್ಟ್ಸ್ ಕೆಲಸ ಮಾಡಿದ ಇನ್ನೊಬ್ಬರು ಜಿಮ್ ಡ್ಯಾನ್‌ಫೋರ್ತ್ ಮಾತ್ರ ಟೈಟಲ್ ಕಾರ್ಡಿನಲ್ಲಿ ತಮ್ಮ ಹೆಸರನ್ನು ಹಿಂದುಮುಂದಾಗಿ ಹಾಕಿಸಿಕೊಂಡರು. ಯಾಕೆ ಅಂತ ಸಿನಿಮಾ ನೋಡಿದರೆ ಗೊತ್ತಾಗುತ್ತದೆ ಬಿಡಿ.

ಮಕ್ಕಳಿದ್ದರೆ ಹಳೇ ಸೀರಿಯಲ್ಲೇ ಸರಿ. ಸ್ಪೆಷಲ್ ಎಫೆಕ್ಟ್ಸ್ ಹುಚ್ಚಿದ್ದರೆ ಎರಡನೆಯದು, ಆದರೆ ಮೊದಲು ಸೀರಿಯಲ್‌ನ ಎರಡು ಕಂತನ್ನಾದರೂ ನೋಡಿ. ಇಲ್ಲದಿದ್ದರೆ ಯಾವುದನ್ನು ಗೇಲಿ ಮಾಡ್ತಿದ್ದಾರೆ ಅಂತಲೇ ತಿಳಿಯಲ್ಲ. ಸುಮ್ನೆ ಬಣ್ಣ, ಗದ್ದಲ, ಕ್ವೀನ್ ಬ್ಯಾಂಡಿನ ಹಾಡು ಸಾಕು ಅನ್ನುವವರಿಗೆ 1980ರ 'ಫ್ಲ್ಯಾಶ್ ಗಾರ್ಡನ್' ಇದ್ದೇ ಇದೆ.