ವೈಪರ್, ವೀಲ್‌ಚೇರ್, ಸರ್ವೋ: ಮೋಷನ್ ರಿಗ್‌ಗೆ ಯಾವ ಮೋಟಾರು?

ಮನೆಯಲ್ಲೇ ಮೋಷನ್ ರಿಗ್ (ಕಂಪ್ಯೂಟರ್ ರೇಸಿಂಗ್ ಆಟಕ್ಕೆ ತಕ್ಕಂತೆ ಅಲ್ಲಾಡುವ ಸೀಟು) ಕಟ್ಟಲು ಹೊರಟವರು ಮೊದಲು ಕೇಳುವುದು "ಈ ಮೋಟಾರು ಎಷ್ಟು ಕೆಜಿ ಎತ್ತುತ್ತೆ?" ಅಂತ. ಕಾರಿನ ವೈಪರ್ ಮೋಟಾರು, ವೀಲ್‌ಚೇರ್ ಮೋಟಾರು, ಸರ್ವೋ (ತನ್ನ ಸ್ಥಾನವನ್ನು ತಾನೇ ಅಳೆದು ಸರಿಪಡಿಸಿಕೊಳ್ಳುವ ಮೋಟಾರು), ಈ ಮೂರನ್ನೂ ಹಾಕಿ ರೇಸಿಂಗ್ ಆಡಿದ ಮೇಲೆ ನನ್ನ ಅಭಿಪ್ರಾಯ ಬೇರೆ. ಬಲ ಎಲ್ಲದರಲ್ಲೂ ಸಾಕಷ್ಟಿದೆ. ನೋಡಬೇಕಾದ್ದು ಎರಡು: ಒಂದು ಕಡೆ ತಿರುಗುತ್ತಿದ್ದ ಮೋಟಾರು ಎಷ್ಟು ಬೇಗ ಇನ್ನೊಂದು ಕಡೆ ತಿರುಗುತ್ತದೆ, ಮತ್ತು ಆಟದ ಮಧ್ಯೆ ಕರೆಂಟು ಹೋದರೆ ಏನಾಗುತ್ತದೆ.

ವೈಪರ್ ಮತ್ತು ವೀಲ್‌ಚೇರ್ ಮೋಟಾರುಗಳನ್ನು ಒಂದೇ ಚೌಕಟ್ಟಿಗೆ ಹಾಕಿ ನೋಡಿದೆ. ಹಳೇ ಕಾರಿನ ಸೀಟು. ಅದರ ಅಡಿಗೆ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್. ಹಿಂದೆ ಎರಡು ಮೋಟಾರು, ಒಂದೊಂದಕ್ಕೂ 5 ಸೆಂ.ಮೀ. ಲಿವರ್, ಅದರಿಂದ ಸೀಟಿಗೆ ಎರಡೂ ತುದಿಯಲ್ಲಿ ರಾಡ್ ಎಂಡ್ (ಓರೆಯಾಗಿಯೂ ತಿರುಗುವ ಕೀಲು) ಇರುವ ಒಂದು ಕಂಬಿ. ಎರಡೂ ಮೋಟಾರು ಒಟ್ಟಿಗೆ ತಳ್ಳಿದರೆ ಸೀಟು ಮುಂದಕ್ಕೆ ಬಾಗುತ್ತದೆ. ಒಂದು ತಳ್ಳಿ ಇನ್ನೊಂದು ಎಳೆದರೆ ಪಕ್ಕಕ್ಕೆ ವಾಲುತ್ತದೆ. ಮೈ ತೂಕವೆಲ್ಲ ಜಾಯಿಂಟಿನ ಮೇಲೆ ಕೂರುವುದರಿಂದ ಮೋಟಾರಿಗೆ ಎತ್ತುವ ಕೆಲಸವಿಲ್ಲ, ಅಲ್ಲಾಡಿಸುವುದಷ್ಟೇ.

ವೈಪರ್ ಮೋಟಾರಿನ ದೊಡ್ಡ ಆಕರ್ಷಣೆ ಬೆಲೆ. ಬೆಂಗಳೂರಿನವರಾದರೆ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಲಾರಿ, ಬಸ್ಸಿನದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಅದು 24 ವೋಲ್ಟಿನದ್ದು. ಆದರೆ ತಂದು ಹಾಗೇ ಜೋಡಿಸುವಂತಿಲ್ಲ. ಹಲವು ವೈಪರ್ ಮೋಟಾರುಗಳಲ್ಲಿ ನೆಗೆಟಿವ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು) ಮೋಟಾರಿನ ಬಾಡಿಗೇ, ಅಂದರೆ ಹೊರಕವಚಕ್ಕೇ, ಸೇರಿರುತ್ತದೆ. ಕಾರಿನಲ್ಲಿ ಇದು ಸರಿ, ಅಲ್ಲಿ ಮೋಟಾರು ಒಂದೇ ದಿಕ್ಕಿಗೆ ತಿರುಗುತ್ತದೆ. ರಿಗ್ಗಿನಲ್ಲಿ ದಿಕ್ಕು ಬದಲಾದ ಕೂಡಲೇ ಬಾಡಿ ಪಾಸಿಟಿವ್ ಆಗುತ್ತದೆ. ಎರಡೂ ಮೋಟಾರು ಒಂದೇ ಕಬ್ಬಿಣದ ಚೌಕಟ್ಟಿನಲ್ಲಿ ಕೂತಿದ್ದರೆ ಶಾರ್ಟ್ ಸರ್ಕ್ಯೂಟ್ ಖಚಿತ. ಹಾಗಾಗಿ ಬಿಚ್ಚಿ, ಆ ಬ್ರಷ್ಷಿಗೆ ಬೇರೆ ತಂತಿ ಎಳೆದುಕೊಳ್ಳಬೇಕು. ಜೋರು ವೇಗದ ತಂತಿಯನ್ನು ಬಳಸಲೂಬೇಡಿ. ಅದು ಸೇರುವ ಮೂರನೇ ಬ್ರಷ್ ಓರೆಯಾಗಿ ಕೂತಿರುತ್ತದೆ, ಅದರಿಂದ ಒಂದು ದಿಕ್ಕಿನ ಓಟ ಇನ್ನೊಂದಕ್ಕೆ ಹೊಂದುವುದೇ ಇಲ್ಲ.

ಇಷ್ಟೆಲ್ಲ ಮಾಡಿ ಕೂತರೆ, ಉದ್ದನೆಯ ತಿರುವುಗಳಲ್ಲಿ ಚೆನ್ನಾಗಿದೆ ಅನ್ನಿಸುತ್ತದೆ. ಲಾರಿ ಓಡಿಸುವ ಆಟಗಳಿಗೆ ಧಾರಾಳ ಸಾಕು. ರೇಸ್ ಟ್ರ್ಯಾಕಿನ ಅಂಚಿನ ಕರ್ಬ್ ಹತ್ತಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಟಕಟಕ ಅಂತ ಬಡಿಯಬೇಕಾದ ಜಾಗದಲ್ಲಿ ತೊಟ್ಟಿಲು ತೂಗಿದ ಹಾಗಿರುತ್ತದೆ.

ಕಾರಣ ವೇಗದ ಕೊರತೆ ಅಲ್ಲ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 60 ಸುತ್ತು, 5 ಸೆಂ.ಮೀ. ಲಿವರ್ ಅಂದರೆ ಸೆಕೆಂಡಿಗೆ ಸುಮಾರು 31 ಸೆಂ.ಮೀ. ಚಲನೆ. ಸರ್ವೋ ರಿಗ್ಗಿನಲ್ಲಿ ಸಾಮಾನ್ಯವಾಗಿ ಹಾಕುವ 1605 ಬಾಲ್ ಸ್ಕ್ರೂ (ಮೋಟಾರಿನ ಸುತ್ತನ್ನು ನೇರ ಚಲನೆಯಾಗಿಸುವ ತಿರುಪು) ಒಂದು ಸುತ್ತಿಗೆ 5 ಮಿ.ಮೀ. ಮುಂದೆ ಹೋಗುತ್ತದೆ. 3000 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 25 ಸೆಂ.ಮೀ. ಮಾತ್ರ! ಕಾಗದದ ಮೇಲೆ ವೈಪರ್ ಮೋಟಾರೇ ಗೆದ್ದಿತು, ಅಲ್ವಾ? ಆದರೆ ಅದರೊಳಗಿನ ಆರ್ಮೇಚರ್ (ತಿರುಗುವ ಭಾಗ) ಭಾರ. ದಿಕ್ಕು ಬದಲಿಸಲು ಅದು ಮೊದಲು ನಿಲ್ಲಬೇಕು, ವರ್ಮ್ ಗೇರಿನ ಪ್ಲೇ (ಹಲ್ಲುಗಳ ನಡುವಿನ ಸಡಿಲ) ದಾಟಬೇಕು, ಆಮೇಲೆ ತಿರುಗಿ ವೇಗ ಹಿಡಿಯಬೇಕು. ಅಷ್ಟರಲ್ಲಿ ಆಟದ ಕಾರು ಕರ್ಬ್ ದಾಟಿ ಹೋಗಿರುತ್ತದೆ. ಸರ್ವೋದ ರೋಟರ್ ಹಗುರ, ಕ್ಷಣಕಾಲ ತನ್ನ ಮಾಮೂಲಿ ಟಾರ್ಕಿನ (ತಿರುಗಿಸುವ ಬಲದ) ಸುಮಾರು ಮೂರು ಪಟ್ಟು ಕೊಡಬಲ್ಲದು, ಮಧ್ಯೆ ಗೇರೇ ಇಲ್ಲ.

ಪ್ಲೇ ಕಡಿಮೆ ಮಾಡಲು ಒಂದು ಉಪಾಯವಿದೆ. ಜಾಯಿಂಟನ್ನು ಸ್ವಲ್ಪ ಮುಂದಕ್ಕೆ ಸರಿಸಿ. ಆಗ ತೂಕ ಯಾವಾಗಲೂ ಹಿಂದಿನ ಮೋಟಾರುಗಳ ಮೇಲೆ ತುಸು ಒರಗಿರುತ್ತದೆ, ಗೇರಿನ ಹಲ್ಲುಗಳು ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತವೆ. ಕಟಕಟ ಸದ್ದು ಅರ್ಧಕ್ಕರ್ಧ ನಿಂತುಹೋಗುತ್ತದೆ.

ವೀಲ್‌ಚೇರ್ ಮೋಟಾರು ಇದೇ ಜಾತಿಯ ಅಣ್ಣ. 24 ವೋಲ್ಟ್, ಒಂದೊಂದೂ ಇನ್ನೂರು ವ್ಯಾಟ್‌ಗಿಂತ ಜಾಸ್ತಿ, ಸುಮಾರು 120 ಆರ್‌ಪಿಎಂ. ಎಡ–ಬಲ ಜೋಡಿಯಾಗೇ ಸಿಗುವುದರಿಂದ ಕೂರಿಸುವುದು ಸುಲಭ. ಮೋಟಾರಿನ ಹೊರಕವಚಕ್ಕೆ ಕರೆಂಟು ಸೇರುವ ತಲೆನೋವಿಲ್ಲ, ಎರಡೂ ದಿಕ್ಕಿಗೆ ತಿರುಗಲೆಂದೇ ಮಾಡಿದ್ದು. ಎರಡೂ ಬಗೆಗೆ ಆರ್ಡುಯಿನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿನಲ್ಲಿ ಮೋಟಾರು ನಡೆಸುವ ಎಸ್‌ಎಂಸಿ3 ಕೋಡ್, ಸ್ಥಾನ ತಿಳಿಯಲು ಉಜ್ಜಿಕೊಂಡು ತಿರುಗುವ ಪೊಟೆನ್ಶಿಯೋಮೀಟರ್ ಬದಲು ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಹಾಕಿ. ಅದಕ್ಕೆ ಸವೆತವಿಲ್ಲ. ಮೋಟಾರ್ ಡ್ರೈವರಿನ (ಮೋಟಾರಿಗೆ ಕರೆಂಟು ಕೊಡುವ ಬೋರ್ಡಿನ) ಮೇಲೆ ಬರೆದ ಆಂಪಿಯರನ್ನು ಮಾತ್ರ ನಂಬಬೇಡಿ. 43 ಆಂಪ್ ಅನ್ನುವ ಅಗ್ಗದ ಬೋರ್ಡಿನ ಬೆರಳುದ್ದದ ಹೀಟ್‌ಸಿಂಕ್ ಅದರ ಅರ್ಧಕ್ಕೇ ಬೆವರುತ್ತದೆ.

ವೀಲ್‌ಚೇರ್ ಮೋಟಾರಿನ ಹಿಂಬದಿಯಲ್ಲಿ ಒಂದು ಎಲೆಕ್ಟ್ರೋಮ್ಯಾಗ್ನೆಟಿಕ್ ಬ್ರೇಕ್ ಇರುತ್ತದೆ. ಅದಕ್ಕೆ 24 ವೋಲ್ಟ್ ಕೊಟ್ಟರೆ ಬಿಡುತ್ತದೆ, ಕರೆಂಟು ಹೋದರೆ ಸ್ಪ್ರಿಂಗ್ ಕಚ್ಚಿ ಹಿಡಿಯುತ್ತದೆ. ಹೆಚ್ಚಿನವರು ಇದನ್ನು ಕಿತ್ತು ಹಾಕುತ್ತಾರೆ. ನನಗಂತೂ ಈ ಮೋಟಾರು ಇಷ್ಟವಾಗಿದ್ದೇ ಇದಕ್ಕೆ. ಎಮರ್ಜೆನ್ಸಿ ಸ್ವಿಚ್ಚನ್ನು ಬ್ರೇಕಿನ ತಂತಿಗೂ ಸೇರಿಸಿದರೆ, ಒತ್ತಿದ ಕೂಡಲೇ ಸೀಟು ಇದ್ದಲ್ಲೇ ನಿಲ್ಲುತ್ತದೆ.

ಪವರ್ ಸಪ್ಲೈ ವಿಷಯದಲ್ಲಿ ಇದು ಸ್ವಲ್ಪ ಹಟಮಾರಿ. ಜೋರಾಗಿ ನಿಧಾನ ಮಾಡಿದಾಗ ಮೋಟಾರೇ ಡೈನಮೋ ಆಗಿ ಕರೆಂಟನ್ನು ವಾಪಸ್ ತಳ್ಳುತ್ತದೆ. ಎಸ್‌ಎಂಪಿಎಸ್‌ಗೆ (ಮನೆ ಕರೆಂಟನ್ನು ಡಿಸಿ ಮಾಡುವ ಪವರ್ ಸಪ್ಲೈಗೆ) ಅದನ್ನು ನುಂಗಲು ಬರುವುದಿಲ್ಲ, ವೋಲ್ಟೇಜ್ ಏರಿತು ಅಂತ ಆಫ್ ಆಗಿಬಿಡುತ್ತದೆ. 12 ವೋಲ್ಟಿನ ಎರಡು ಲೆಡ್ ಆಸಿಡ್ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಹಾಕಿದರೆ ಈ ಕಾಟ ಮುಗಿಯಿತು. ವಾಪಸ್ ಬಂದಿದ್ದನ್ನು ನುಂಗುತ್ತವೆ, ಒಮ್ಮೆಲೇ ಬೇಕಾದಾಗ ಕೊಡುತ್ತವೆ. ಫ್ಯೂಸ್ ಮರೆಯಬೇಡಿ.

ಇನ್ನು ಸರ್ವೋ. 750 ವ್ಯಾಟ್, 2.4 ನ್ಯೂಟನ್ ಮೀಟರ್, ನಾಲ್ಕು ಮೂಲೆಗೆ ನಾಲ್ಕು. ವಿನ್ಯಾಸ ಎಸ್‌ಎಫ್‌ಎಕ್ಸ್-100, 3ಡಿ ಪ್ರಿಂಟ್ ಮಾಡಿ ಕಟ್ಟುವ 100 ಮಿ.ಮೀ. ಓಟದ ಆಕ್ಚುಯೇಟರ್ (ಉದ್ದವಾಗಿ, ಗಿಡ್ಡವಾಗಿ ರಿಗ್ಗನ್ನು ಎತ್ತಿಳಿಸುವ ಕಾಲು). ಇಲ್ಲಿ ಜಾಯಿಂಟ್ ಇಲ್ಲ, ಪೂರ್ತಿ ತೂಕ ಇವುಗಳ ಮೇಲೇ. ಲೆಕ್ಕದಲ್ಲಿ ಒಂದೊಂದೂ 250 ಕೆಜಿಗಿಂತ ಜಾಸ್ತಿ ತಳ್ಳುತ್ತದೆ. ಕೂತು ನೋಡಿದರೆ ಬೇರೆಯದೇ ಲೋಕ. ರಸ್ತೆಯ ತರಿ ಬೆನ್ನಿಗೆ ತಿಳಿಯುತ್ತದೆ, ಹಿಂದಿನ ಚಕ್ರ ಜಾರುವುದು ಕಣ್ಣಿಗಿಂತ ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ.

ಆದರೆ ಮನೆಯ ವೈರಿಂಗ್ ಸರಿ ಇರಬೇಕು. ಸರ್ವೋ ನಡೆಸುವ ನಾಲ್ಕು ಡ್ರೈವ್ ಒಟ್ಟಿಗೆ ಆನ್ ಮಾಡಿದರೆ ಸೋರುವ ಕರೆಂಟಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳಬಹುದು. ಯಾರಾದರೂ "ಅದನ್ನ ತೆಗೆದುಬಿಡಿ" ಅಂದರೆ ಕೇಳಬೇಡಿ. ಎಲೆಕ್ಟ್ರಿಷಿಯನ್ ಕರೆಸಿ, ಲೋಡನ್ನು ಎರಡು ಆರ್‌ಸಿಸಿಬಿಗೆ ಹಂಚಿ, ಅರ್ಥಿಂಗ್ ಪರೀಕ್ಷಿಸಿ. ಡ್ರೈವಿನ ನಾಯ್ಸ್‌ಗೆ ಆಟದ ಮಧ್ಯೆ ಸ್ಟೀರಿಂಗಿನ ಯುಎಸ್‌ಬಿಯೇ ಕಡಿದುಹೋಗುವುದುಂಟು. ಶೀಲ್ಡ್ ಕೇಬಲ್, ತಂತಿಗೆ ನಾಯ್ಸ್ ತಡೆಯುವ ಫೆರೈಟ್ ಉಂಗುರ ಹಾಕಿದರೆ ಸರಿಹೋಗುತ್ತದೆ. ಕರೆಂಟು ಹೋದರೆ ಬ್ರೇಕ್ ಇಲ್ಲದ ಸರ್ವೋ ಹಿಡಿದು ನಿಲ್ಲುವುದಿಲ್ಲ. ಬಾಲ್ ಸ್ಕ್ರೂ ಹಿಂದಕ್ಕೆ ತಿರುಗಿ, ನಿಮ್ಮ ಸಮೇತ ರಿಗ್ಗು ಕೆಳಗಿಳಿಯುತ್ತದೆ. ಕೆಳಗೆ ಮಕ್ಕಳ ಕೈ, ಬೆಕ್ಕು ಸೇರದಂತೆ ಸುತ್ತ ತಡೆ ಇರಲಿ.

ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು) ಬಗ್ಗೆ ಕೇಳುವವರಿದ್ದಾರೆ. ವೇಗ ಏರಿದಂತೆ ಅದರ ಟಾರ್ಕ್ ಕುಸಿಯುತ್ತದೆ, ಫೀಡ್‌ಬ್ಯಾಕ್ ಇಲ್ಲದಿದ್ದರೆ ಸ್ಟೆಪ್ ತಪ್ಪಿದ್ದು ಅದಕ್ಕೇ ಗೊತ್ತಾಗುವುದಿಲ್ಲ. ಸುಮ್ನೆ ಬಿಡಿ.

ಸರ್ವೋ ಒಂದು ಸೆಟ್ಟಿಗೇ ಹತ್ತು ಸಾವಿರ ದಾಟುತ್ತದೆ, ಬೇಕಾದ್ದು ನಾಲ್ಕು. ಬಾಡಿಗೆ ಮನೆ, ಹಳೇ ವೈರಿಂಗ್ ಆದರೆ ನಾನು ವೀಲ್‌ಚೇರ್ ಮೋಟಾರನ್ನೇ ಹೇಳುತ್ತೇನೆ. ಮೊದಲ ರಿಗ್‌ಗೆ ವೈಪರ್‌ಗಿಂತ ಅದೇ ಮೇಲು. ವೈಪರ್ ಮೋಟಾರಿಗೆ ಕಡಿಮೆ ಕೊಟ್ಟು ಉಳಿಸಿದ ದುಡ್ಡು ವೆಲ್ಡಿಂಗ್, ಲೇತ್ ಕೆಲಸಕ್ಕೆ ಹೋಗುತ್ತದೆ. ಸ್ವಂತ ಮನೆ, ಒಳ್ಳೆ ಅರ್ಥಿಂಗ್, ಕೈಯಲ್ಲಿ ಕಾಸು ಇದ್ದರೆ ಸೀದಾ ಸರ್ವೋ. ನನ್ನ ರಿಗ್ಗಿನಲ್ಲಿ ಈಗ ಅದೇ ಇದೆ. ವೈಪರ್ ಮೋಟಾರುಗಳಿಗೂ ಕೆಲಸ ಸಿಕ್ಕಿದೆ. ಆಟದಲ್ಲಿ ಬ್ರೇಕ್ ಒತ್ತಿದಾಗ ಅವು ಸೀಟ್ ಬೆಲ್ಟ್ ಬಿಗಿಯುತ್ತವೆ. ಅಷ್ಟಕ್ಕೆ ಅವುಗಳ ಚುರುಕು ಸಾಕು.