ಗಾಯಕ ಹೋದ ಮೇಲಿನ ಮೊದಲ ಆಲ್ಬಂ: ಜೆನೆಸಿಸ್, ಯೆಸ್, ಮರಿಲಿಯನ್

ಮುಖ್ಯ ಗಾಯಕ ಬಿಟ್ಟುಹೋದ ಮೇಲೂ ಪ್ರೋಗ್ರೆಸಿವ್ ರಾಕ್ (ಉದ್ದನೆಯ, ಜಟಿಲ ರಚನೆಗಳ ರಾಕ್ ಸಂಗೀತ) ತಂಡ ಉಳಿದೀತೇ ಎಂಬ ಮಾತು ಬಂದರೆ ಮೂರು ಆಲ್ಬಂಗಳ ಹೆಸರು ಬಂದೇ ಬರುತ್ತದೆ: ಜೆನೆಸಿಸ್‌ನ ‘ಎ ಟ್ರಿಕ್ ಆಫ್ ದ ಟೇಲ್’ (1976), ಯೆಸ್‌ನ ‘ಡ್ರಾಮಾ’ (1980), ಮರಿಲಿಯನ್‌ನ ‘ಸೀಸನ್ಸ್ ಎಂಡ್’ (1989). ಹೆಚ್ಚಿನವರು ಹಳೆಯ ಕಂಠವನ್ನೂ ಹೊಸ ಕಂಠವನ್ನೂ ತೂಗಿ ತೀರ್ಪು ಕೊಡುತ್ತಾರೆ. ಮೂರನ್ನೂ ಒಂದರ ಹಿಂದೊಂದು ಕೇಳಿದರೆ ಬೇರೆಯದೇ ಸಂಗತಿ ಎದ್ದು ಕಾಣುತ್ತದೆ: ಹೊಸ ಕಂಠ ಬರುವ ಹೊತ್ತಿಗೆ ಹಾಡು ಎಷ್ಟು ಕಟ್ಟಿ ಮುಗಿದಿತ್ತು ಎಂಬುದು.

ಕೇಳುವ ಮೊದಲು ಒಂದು ಎಚ್ಚರಿಕೆ. ಮೂರರ ವಾಲ್ಯೂಮನ್ನೂ ಕಿವಿಗೆ ಸಮ ಮಾಡಿಕೊಳ್ಳಿ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಬಲುಬೇಗ ಮೋಸಹೋಗುತ್ತದೆ. ‘ಟ್ರಿಕ್’ಗೆ 1994ರ ರೀಮಾಸ್ಟರ್ (ಹಳೆಯ ಧ್ವನಿಮುದ್ರಣವನ್ನು ಹದಗೊಳಿಸಿದ ಆವೃತ್ತಿ) ಹಾಕಿಕೊಳ್ಳಿ, ಅದರಲ್ಲಿ ಮೂಲ ಮಿಕ್ಸ್, ಅಂದರೆ ವಾದ್ಯ, ಕಂಠಗಳನ್ನು ಬೆರೆಸಿದ ರೀತಿ, ಹಾಗೇ ಇದೆ. 2007ರದ್ದು ಪೂರ್ತಿ ಹೊಸ ಮಿಕ್ಸ್. ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ ನಿಜ, ಆದರೆ ಒತ್ತಿದಂತಿರುವ ಜೋರು ಬಹಳ ಹೊತ್ತು ಕೇಳಿದರೆ ದಣಿಸುತ್ತದೆ. ಅದನ್ನು ಮಾಡಿದ ನಿಕ್ ಡೇವಿಸ್ ಅವರೇ ‘ಸೀಸನ್ಸ್ ಎಂಡ್’ನ ನಿರ್ಮಾಣದಲ್ಲೂ ಇದ್ದವರು.

ಗಾಯಕ ಪೀಟರ್ ಗೇಬ್ರಿಯಲ್ 1975ರಲ್ಲಿ ಹೊರಟಾಗ ಜೆನೆಸಿಸ್ ಮೊದಲು ಮಾಡಿದ್ದು ಸಂಗೀತ ಕಟ್ಟುವ ಕೆಲಸ. ಗಾಯಕನ ಹುಡುಕಾಟ ಅದರ ಜೊತೆಗೇ ನಡೆಯಿತು. ಇದರಲ್ಲಿ ಒಂದು ಅಪಾಯವಿದೆ, ‘ಸ್ಕ್ವಾಂಕ್’ ಹಾಡಿನಲ್ಲಿ ಅದು ಎದುರಾಯಿತು. ಟ್ರೈಡೆಂಟ್ ಸ್ಟುಡಿಯೊದಲ್ಲಿ ವಾದ್ಯಗಳ ಧ್ವನಿಮುದ್ರಣ ಮುಗಿದ ಮೇಲೆ ಹೊಸಬನೊಬ್ಬನನ್ನು ಹಾಡಿಸಿ ನೋಡಿದರು. ಟ್ರ್ಯಾಕಿನ ಶ್ರುತಿ ಅವನ ಕಂಠಕ್ಕೆ ಹೊಂದಲಿಲ್ಲ. ಟೇಪಿನ ಮೇಲೆ ಕೂತ ಶ್ರುತಿಯನ್ನು ಆಗ ಸುಲಭವಾಗಿ ಏರಿಳಿಸುವಂತಿರಲಿಲ್ಲ. ಕೊನೆಗೆ ಡ್ರಮ್ಮರ್ ಫಿಲ್ ಕಾಲಿನ್ಸ್ ಹಾಡಿದರು, ಹೊಂದಿತು. ಅದು ಬರೀ ಅದೃಷ್ಟವಲ್ಲ. 1971ರ ‘ಫಾರ್ ಆಬ್ಸೆಂಟ್ ಫ್ರೆಂಡ್ಸ್’, 1973ರ ‘ಮೋರ್ ಫೂಲ್ ಮಿ’ ಹಾಡಿದ್ದು ಅವರೇ. ಗೇಬ್ರಿಯಲ್ ಹಿಂದೆ ವರ್ಷಗಟ್ಟಲೆ ದನಿಗೂಡಿಸಿದ್ದವರೂ ಅವರೇ. ಹೀಗಾಗಿ ‘ಎಂಟ್ಯಾಂಗಲ್ಡ್’ನಲ್ಲಿ ಹನ್ನೆರಡು ತಂತಿಯ ಗಿಟಾರುಗಳ ಮೇಲೆ ಆ ಕಂಠ ಪದರಪದರವಾಗಿ ಕೂತಾಗ ಅಪರಿಚಿತ ಅನ್ನಿಸುವುದೇ ಇಲ್ಲ. ‘ಡಾನ್ಸ್ ಆನ್ ಎ ವಾಲ್ಕೆನೊ’ ಏಳರ ಎಣಿಕೆಯಲ್ಲಿ ನಡೆಯುತ್ತದೆ. ಮಿಶ್ರಚಾಪು ಬಲ್ಲ ಕಿವಿಗೆ ಆ ಲೆಕ್ಕ ಕಷ್ಟವಲ್ಲ. ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ: ಅದೇ ತಂಡ, ಅದೇ ಬಿಗಿ. ಕಳೆದುಹೋದದ್ದು ಗೇಬ್ರಿಯಲ್ ಅವರ ನಾಟಕೀಯತೆ. ‘ರಾಬರಿ, ಅಸಾಲ್ಟ್ ಅಂಡ್ ಬ್ಯಾಟರಿ’ಯಲ್ಲಿ ಪಾತ್ರ ಬದಲಿಸಿ ಹಾಡುವ ಪ್ರಯತ್ನವಿದೆ, ಅಲ್ಲಿ ಆ ಕೊರತೆ ಎದ್ದು ಕಾಣುತ್ತದೆ.

‘ಡ್ರಾಮಾ’ದ ಕತೆ ಪೂರಾ ಉಲ್ಟಾ. ಗಾಯಕ ಜಾನ್ ಆ್ಯಂಡರ್ಸನ್, ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಇಬ್ಬರೂ ಹೋದರು. ಬಗಲ್ಸ್ ಎಂಬ ಪಾಪ್ ಜೋಡಿಯ ಟ್ರೆವರ್ ಹಾರ್ನ್ (ಗಾಯನ), ಜೆಫ್ ಡೌನ್ಸ್ (ಕೀಬೋರ್ಡ್) ಹಾಡುಗಳ ಸಮೇತ ಬಂದರು. ‘ಇನ್‌ಟು ದ ಲೆನ್ಸ್’ ಅವರ ಗಂಟಿನಿಂದಲೇ ಬಂದದ್ದು. ಅದೇ ಹಾಡು 1981ರಲ್ಲಿ ‘ಐ ಆ್ಯಮ್ ಎ ಕ್ಯಾಮೆರಾ’ ಎಂಬ ಹೆಸರಿನಲ್ಲಿ ಬಗಲ್ಸ್ ಆಲ್ಬಂಗೂ ಹೋಯಿತು. ಎರಡನ್ನೂ ಒಟ್ಟಿಗೆ ಕೇಳಿದರೆ ಯೆಸ್‌ನ ಕ್ರಿಸ್ ಸ್ಕ್ವೈರ್ ಅವರ ಬೇಸ್ ಗಿಟಾರ್ ಒಂದು ಹಾಡಿಗೆ ಏನು ಮಾಡಬಲ್ಲದು ಎಂದು ಗೊತ್ತಾಗುತ್ತದೆ. ‘ಟೆಂಪಸ್ ಫ್ಯೂಜಿಟ್’ನಲ್ಲಂತೂ ಓಟವೆಲ್ಲ ಆ ಬೇಸ್‌ನದೇ. ‘ಮೆಷಿನ್ ಮೆಸ್ಸಾಯ’ದ ಆರಂಭದಷ್ಟು ಭಾರದ ಗಿಟಾರ್ ಯೆಸ್‌ನಲ್ಲಿ ಅಪರೂಪ. ಕಂಠ ಬದಲಾದದ್ದು ತಕ್ಷಣ ತಟ್ಟುವುದಿಲ್ಲ, ಏಕೆಂದರೆ ಹಾರ್ನ್ ಜೊತೆ ಸ್ಕ್ವೈರ್ ಕಂಠವೂ ಮುಂದೆಯೇ ಇದೆ, ಮತ್ತು ಆ ಕಂಠ ಯೆಸ್‌ನ ಗುರುತಿನಲ್ಲಿ ಮೊದಲಿನಿಂದಲೂ ಅರ್ಧ ಪಾಲು. ತೊಂದರೆ ಆದದ್ದು ವೇದಿಕೆಯಲ್ಲಿ. ಆ್ಯಂಡರ್ಸನ್ ಏರಿ ಹಾಡಿದ್ದ ಹಳೆಯ ಹಾಡುಗಳನ್ನು ದಿನವೂ ಹಾಡಿ ಹಾರ್ನ್ ಗಂಟಲು ಸೋತಿತು. ಆ ಪ್ರವಾಸದ ನಂತರ ತಂಡವೇ ಚದುರಿತು.

‘ಸೀಸನ್ಸ್ ಎಂಡ್’ ಎರಡು ಬಗೆಯ ಹಾಡುಗಳ ಆಲ್ಬಂ. ಬಿಟ್ಟುಹೋದ ಗಾಯಕ ಫಿಶ್ ಇದ್ದಾಗಲೇ ಕಟ್ಟಿದ ಸಂಗೀತ ಒಂದು ಕಡೆ, ಹೊಸ ಗಾಯಕ ಸ್ಟೀವ್ ಹೊಗಾರ್ಥ್ ತಂದದ್ದು ಇನ್ನೊಂದು ಕಡೆ. ಇಲ್ಲಿ ಹೋಲಿಕೆಗೆ ಸಾಕ್ಷಿಯೂ ಸಿಗುತ್ತದೆ: ಫಿಶ್ ಕಾಲದ ಆಲ್ಬಂ ‘ಕ್ಲಚಿಂಗ್ ಅಟ್ ಸ್ಟ್ರಾಸ್’ನ 1999ರ ಮರುಬಿಡುಗಡೆಯ ಎರಡನೇ ಸಿ.ಡಿ.ಯಲ್ಲಿ ಅಂಥ ಸಂಗೀತಕ್ಕೆ ಫಿಶ್ ಹಾಡಿರುವ ಡೆಮೊಗಳು (ಕರಡು ಧ್ವನಿಮುದ್ರಣಗಳು) ಇವೆ. ಅದರಲ್ಲಿ ‘ಸನ್‌ಸೆಟ್ ಹಿಲ್’ ಕೇಳಿ, ಕೂಡಲೇ ‘ದ ಕಿಂಗ್ ಆಫ್ ಸನ್‌ಸೆಟ್ ಟೌನ್’ ಹಾಕಿ. ಫಿಶ್ ಮಾತನ್ನು ಸಾಲಿನ ತುಂಬ ತುರುಕುತ್ತಾರೆ. ಹೊಗಾರ್ಥ್ ಸ್ವರ ಎಳೆದು, ಗಿಟಾರಿಗೆ ಜಾಗ ಬಿಡುತ್ತಾರೆ. ಆ ಜಾಗದಲ್ಲೇ ಗಿಟಾರ್ ವಾದಕ ಸ್ಟೀವ್ ರಾದರಿ ಅರಳುವುದು. ಇನ್ನು ‘ಈಸ್ಟರ್’ ಹೊಗಾರ್ಥ್ ಜೊತೆಯಲ್ಲೇ ತಂದ ಹಾಡು. ಅದರಲ್ಲಿ ಬರುವ ಗಿಟಾರ್ ಸೋಲೊ ಈ ಮೂರೂ ಆಲ್ಬಂಗಳಲ್ಲೇ ಅತಿ ಮಧುರವಾದ ಭಾಗ. ‘ಹುಕ್ಸ್ ಇನ್ ಯು’ ಮಾತ್ರ ರೇಡಿಯೊಗೆಂದು ಮಾಡಿದಂತಿದೆ, ದಾಟಿಸಿದರೂ ನಷ್ಟವಿಲ್ಲ.

ಒಂದನ್ನೇ ಆರಿಸಬೇಕೆಂದರೆ ‘ಟ್ರಿಕ್’. ಹಾಡಿನಿಂದ ಹಾಡಿಗೆ ಹೊಲಿಗೆ ಕಾಣದ ಆಲ್ಬಂ ಅದೊಂದೇ. ಸುಮಾರು 37 ನಿಮಿಷದ ‘ಡ್ರಾಮಾ’ ಧೈರ್ಯದಲ್ಲಿ ಮುಂದು, ಆದರೆ ಅದರ ‘ವೈಟ್ ಕಾರ್’ ಹಾಡು ಶುರುವಾಯಿತು ಎನ್ನುವಷ್ಟರಲ್ಲಿ ಮುಗಿದುಹೋಗುತ್ತದೆ. ಪ್ರೋಗ್ರೆಸಿವ್ ರಾಕ್ ಅಭ್ಯಾಸವೇ ಇಲ್ಲದವರಿಗೆ ‘ಸೀಸನ್ಸ್ ಎಂಡ್’ ಬೇಗ ಒಲಿಯುತ್ತದೆ.

‘ಟ್ರಿಕ್’ನ ಕೊನೆಯ ‘ಲಾಸ್ ಎಂಡೋಸ್’ ಕೇಳುವಾಗ ಮಾತ್ರ, ಸಂಗೀತ ಕರಗತೊಡಗಿದಾಗ ವಾಲ್ಯೂಮ್ ಏರಿಸಿ. ಅಲ್ಲಿಯವರೆಗೆ ವಾದ್ಯಗಳದೇ ಆಗಿದ್ದ ಹಾಡಿನಲ್ಲಿ ಕಾಲಿನ್ಸ್ ದನಿ ದೂರದಿಂದ ಬರುತ್ತದೆ. ಹಾಡುತ್ತಿರುವುದು ಗೇಬ್ರಿಯಲ್ ಕಾಲದ ಜೆನೆಸಿಸ್ ಹಾಡು ‘ಸಪ್ಪರ್ಸ್ ರೆಡಿ’ಯ ಸಾಲು.